ಲ್ಯಾಪ್‌ಟಾಪ್ ಹಳೆಯದಾಯ್ತು, ರ‍್ಯಾಮ್ ಹಾಕಿಸಲಾ? ಮಂಜಣ್ಣನನ್ನು ಕೇಳಿ

ಅಡ್ಮಿನ್: ಮುಂಬೈ ಕನ್ನಡಿಗರೇ, ಲ್ಯಾಮಿಂಗ್ಟನ್ ರೋಡಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ನಮ್ಮ ಮಂಜಣ್ಣ ಇವತ್ತು ಅಂಗಡಿಗೆ ರಜೆ ಇರುವುದರಿಂದ ಸಿಕ್ಕಿದ್ದಾರೆ. ವಿಷಯ ಒಂದೇ, ಹಳೆ ಲ್ಯಾಪ್‌ಟಾಪ್‌ಗೆ ರ‍್ಯಾಮ್ (ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿ) ಹೆಚ್ಚಿಸಬೇಕಾ ಬೇಡವಾ. ಎಷ್ಟು ಹಳೆಯದು, ಈಗ ಎಷ್ಟು ಜಿಬಿ ಇದೆ, ಏನು ಕೆಲಸಕ್ಕೆ ಬೇಕು ಅಂತ ಬರೆಯಿರಿ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಸವಿತಾ, ಡೊಂಬಿವಲಿ: ನಮಸ್ಕಾರ ಮಂಜಣ್ಣ. ಮಗಳ ಲ್ಯಾಪ್‌ಟಾಪ್ 2018ರದ್ದು. ಐ5 ಪ್ರೊಸೆಸರ್, 8ನೇ ಜನರೇಷನ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 11. ಬಿ.ಕಾಂ ಓದುತ್ತಿದ್ದಾಳೆ. ಆನ್ ಮಾಡಿದರೆ ಬೇಗ ಏಳುವುದೇ ಇಲ್ಲ. ಸ್ಟೇಷನ್ ಹತ್ತಿರದ ಅಂಗಡಿಯವನು 16 ಜಿಬಿ ಹಾಕಿಸಿ ಅಂತಾನೆ. ಹಾಕಿಸಲಾ?

ಮಂಜುನಾಥ: ನಮಸ್ಕಾರ ಅಕ್ಕ. ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಮಗಳು ದಿನಾ ತೆರೆಯುವುದನ್ನೆಲ್ಲ ತೆರೆದಿಡಲಿ. ಕ್ರೋಮ್, ಎಕ್ಸೆಲ್, ಆನ್‌ಲೈನ್ ಕ್ಲಾಸ್, ಎಲ್ಲ. ಲ್ಯಾಪ್‌ಟಾಪ್ ಒದ್ದಾಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಮೆಮೊರಿ, ಡಿಸ್ಕ್ ಎರಡು ಸಾಲು ನೋಡಿ.

ಮೆಮೊರಿ ಶೇಕಡಾ 60ರ ಆಸುಪಾಸಿನಲ್ಲಿದ್ದು ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ತಪ್ಪು ಹಾರ್ಡ್ ಡಿಸ್ಕಿನದು. ರ‍್ಯಾಮ್ ಎಷ್ಟು ಹಾಕಿದರೂ ದಂಡ. ಮೆಮೊರಿ 90 ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಎರಡೂ ಮೇಲೇ ಇದ್ದರೆ, ರ‍್ಯಾಮಿನಲ್ಲಿ ಹಿಡಿಸದ್ದನ್ನು ವಿಂಡೋಸ್ ಹಾರ್ಡ್ ಡಿಸ್ಕಿಗೆ ಬರೆಯುವುದು, ಮತ್ತೆ ಓದುವುದು, ಅದೇ ಮಾಡುತ್ತಾ ಕೂತಿದೆ ಅಂತ ಅರ್ಥ. ನಿಮ್ಮದು ಈ ಮೂರನೆಯದೇ ಇರಬೇಕು. ವಿಂಡೋಸ್ 11ಕ್ಕೆ 4 ಜಿಬಿ ಕಂಪನಿಯವರು ಹೇಳುವ ಕನಿಷ್ಠ. ಅದರಲ್ಲಿ ಆನ್ ಆಗುತ್ತದೆ, ಕೆಲಸ ಆಗುವುದಿಲ್ಲ.

ಮೊದಲು ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್ ಹಾಕಿಸಿ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ, ಸಾಟಾ ಎಸ್‌ಎಸ್‌ಡಿ 500 ದಾಟುತ್ತದೆ. ಸಣ್ಣ ಸಣ್ಣ ಫೈಲ್‌ಗಳಲ್ಲಿ ಅಂತರ ಇನ್ನೂ ಜಾಸ್ತಿ. ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲೇ ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ. ಎರಡರಲ್ಲಿ ಒಂದು ಸ್ಲಾಟ್ ಬಳಕೆಯಲ್ಲಿದೆ ಅಂತ ಬಂದರೆ ಇನ್ನೊಂದು 4 ಜಿಬಿ ಸೇರಿಸಿ 8 ಮಾಡಿ. ಬಿ.ಕಾಂಗೆ ಅಷ್ಟು ಸಾಕು. 16 ಹಾಕಿಸಿದರೆ ಲಾಭ ಅಂಗಡಿಯವನಿಗೆ.

ಇನ್ನೊಂದು ಮಾತು ಎಲ್ಲರಿಗೂ. 2025ರ ಕೊನೆಯಿಂದ ರ‍್ಯಾಮ್ ರೇಟ್ ಮೇಲೆ ಹೋಗಿದೆ. ಎಐ ಡೇಟಾ ಸೆಂಟರ್‌ಗಳಿಗೇ ಚಿಪ್ ಎಲ್ಲ ಹೋಗುತ್ತಿದೆ. ಎರಡು ವರ್ಷದ ಹಿಂದಿನ ಬಿಲ್ ತೋರಿಸಿ ನನ್ನ ಹತ್ತಿರ ಜಗಳ ಆಡಬೇಡಿ.

ಸವಿತಾ, ಡೊಂಬಿವಲಿ: ಮೆಮೊರಿ 93, ಡಿಸ್ಕ್ 100. ಹೇಳಿದ ಹಾಗೇ ಇದೆ. ಥ್ಯಾಂಕ್ಸ್ ಅಣ್ಣ.

ರಾಘವೇಂದ್ರ, ಠಾಣೆ: ನನ್ನ ಲ್ಯಾಪ್‌ಟಾಪ್ 2014ರದ್ದು, 4ನೇ ಜನರೇಷನ್. ಮನೆಯಲ್ಲಿ ಹಳೆ ಡೆಸ್ಕ್‌ಟಾಪಿನ ಡಿಡಿಆರ್3 ರ‍್ಯಾಮ್ ಸುಮ್ನೆ ಬಿದ್ದಿದೆ. ಅದನ್ನೇ ಹಾಕಬಹುದಾ?

ಮಂಜುನಾಥ: ಡೆಸ್ಕ್‌ಟಾಪಿನದು ಉದ್ದ, ಲ್ಯಾಪ್‌ಟಾಪಿನದು ಅದರ ಅರ್ಧ. ಕೂರುವುದೇ ಇಲ್ಲ. ನಿಮ್ಮದಕ್ಕೆ ಡಿಡಿಆರ್3ಎಲ್ ಬೇಕು, 1.35 ವೋಲ್ಟಿನದು. ಸ್ಟಿಕರ್ ಮೇಲೆ ಪಿಸಿ3ಎಲ್ ಅಂತ ಇದೆಯಾ ನೋಡಿ ತೆಗೆದುಕೊಳ್ಳಿ. ಎಲ್ ಇಲ್ಲದ್ದು 1.5 ವೋಲ್ಟಿನದು, ಹಾಕಿದರೆ ಆನ್ ಆಗುವುದಿಲ್ಲ.

ಪ್ರಕಾಶ್, ನೆರೂಳ್: ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಹಾಕಿದರೆ ಸ್ಪೀಡ್ ಬರುತ್ತಾ?

ಮಂಜುನಾಥ: ಹೋಗುವುದಿಲ್ಲ. ಒಂದು 204 ಪಿನ್, ಇನ್ನೊಂದು 260. ಒತ್ತಿ ಕೂರಿಸಲು ಹೋಗಬೇಡಿ.

ಗೀತಾ, ಮೀರಾ ರೋಡ್: ಮ್ಯಾಕ್‌ಬುಕ್ ಏರ್, 8 ಜಿಬಿ. 16 ಮಾಡಿಸಬಹುದಾ?

ಮಂಜುನಾಥ: ಇಲ್ಲ. ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ.

ವಸಂತ, ಕಲ್ಯಾಣ್: ಫ್ರೆಂಡ್ಸ್, ದುಡ್ಡು ಖರ್ಚು ಮಾಡಬೇಡಿ. ಫಾರ್ವರ್ಡ್ ಬಂದಿದೆ, ನೋಡಿ. ಎಂಎಸ್‌ಕಾನ್ಫಿಗ್ ತೆರೆದು, ಬೂಟ್, ಅಡ್ವಾನ್ಸ್ಡ್, ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಮಾಡಿ. ರ‍್ಯಾಮ್ ಡಬಲ್ ಕೆಲಸ ಮಾಡುತ್ತದೆ. ಅದರ ಮೇಲೆ 16 ಜಿಬಿ ಪೆನ್‌ಡ್ರೈವ್ ಹಾಕಿದರೆ ಅದೂ ರ‍್ಯಾಮ್ ಆಗುತ್ತದೆ. 🙏

ಮಂಜುನಾಥ: ಯಾರೂ ಇದನ್ನು ಮಾಡಬೇಡಿ. ಆ ಟಿಕ್ ಇರುವುದು ಮೆಮೊರಿ ಕಮ್ಮಿ ಮಾಡಲು. ಸಾಫ್ಟ್‌ವೇರ್ ಬರೆಯುವವರು ಕಮ್ಮಿ ರ‍್ಯಾಮಿನಲ್ಲಿ ಓಡುತ್ತದಾ ಅಂತ ಪರೀಕ್ಷೆ ಮಾಡಲು ಇಟ್ಟದ್ದು. ತಪ್ಪು ಅಂಕಿ ಬಿದ್ದರೆ ವಿಂಡೋಸ್ ಏಳುವುದೇ ಇಲ್ಲ. ಪೆನ್‌ಡ್ರೈವ್ ಕತೆ ವಿಸ್ಟಾ ಕಾಲದ ರೆಡಿಬೂಸ್ಟ್. ಅದು ನಿಧಾನ ಹಾರ್ಡ್ ಡಿಸ್ಕಿಗೆ ಸ್ವಲ್ಪ ಸಹಾಯ ಮಾಡುತ್ತಿತ್ತು, ರ‍್ಯಾಮ್ ಆಗುತ್ತಿರಲಿಲ್ಲ. ಟಿಕ್ ಮಾಡಿ ಕೆಡಿಸಿಕೊಂಡವರು ಅದನ್ನು ತೆಗೆಸಲು ನನ್ನ ಅಂಗಡಿಗೆ ಬರುತ್ತಾರೆ. ಫಾರ್ವರ್ಡ್ ಮಾಡಿದವನು ಬರುವುದಿಲ್ಲ.

ವಸಂತ, ಕಲ್ಯಾಣ್: ಒಳ್ಳೆಯದಾಗಲಿ ಅಂತ ಹಾಕಿದೆ. ಬೇಡ ಅಂದರೆ ಬಿಡಿ.

ಮೀರಾ, ಮಾಟುಂಗಾ: ಸರ್, ಮಾವನವರ ಲ್ಯಾಪ್‌ಟಾಪ್ 7 ವರ್ಷ ಹಳೆಯದು. ಸದಾ ಚಾರ್ಜಿಗೆ ಹಾಕಿಯೇ ಇಟ್ಟಿರುತ್ತಾರೆ, ಹಾಸಿಗೆ ಮೇಲೇ ಬಳಸುತ್ತಾರೆ. 4ರಿಂದ 8 ಜಿಬಿ ಮಾಡಿಸೋಣ ಅಂತ ಇದ್ದೇವೆ. ಹಾಗೇ ಟಚ್‌ಪ್ಯಾಡ್ ಗಟ್ಟಿಯಾಗಿದೆ, ಒಂದು ಬದಿ ಸ್ವಲ್ಪ ಮೇಲೆ ಬಂದಿದೆ. ಮುಚ್ಚಿದರೆ ಪೂರ್ತಿ ಕೂರುವುದಿಲ್ಲ. ರ‍್ಯಾಮ್ ಹಾಕುವಾಗ ಅದನ್ನೂ ಸರಿ ಮಾಡುತ್ತಾರಾ?

ಮಂಜುನಾಥ: ಮೀರಾ ಅವರೇ, ರ‍್ಯಾಮ್ ಮಾತು ಈಗ ಬಿಡಿ. ಮೊದಲು ಚಾರ್ಜರ್ ತೆಗೆಯಿರಿ. ಶಟ್‌ಡೌನ್ ಮಾಡಿ. ಸ್ಲೀಪ್ ಅಲ್ಲ, ಶಟ್‌ಡೌನ್. ಹಾಸಿಗೆಯಿಂದ ಎತ್ತಿ ಟೈಲ್ಸ್ ನೆಲದ ಮೇಲಿಡಿ. ಪರದೆ, ಪೇಪರ್, ಬಟ್ಟೆ ಹತ್ತಿರ ಇರಬಾರದು. ಮುಚ್ಚಳ ಒತ್ತಿ ಮುಚ್ಚಬೇಡಿ. ಟಚ್‌ಪ್ಯಾಡ್ ಒತ್ತಿ ಕೆಳಗೆ ಕೂರಿಸಲು ನೋಡಬೇಡಿ.

ನಿಮ್ಮ ವಿವರ ಕೇಳಿದರೆ ಬ್ಯಾಟರಿ ಊದಿಕೊಂಡಿದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಟಚ್‌ಪ್ಯಾಡಿನ ಅಡಿಯಲ್ಲಿ, ಕೈ ಊರುವ ಜಾಗದ ಕೆಳಗೆ ಇರುತ್ತದೆ. ಒಳಗಿನ ಪದಾರ್ಥ ಕೆಟ್ಟು ಅನಿಲ ತುಂಬಿಕೊಂಡು ಮೇಲಿರುವುದನ್ನೆಲ್ಲ ಎತ್ತುತ್ತದೆ. ವಯಸ್ಸು, ಬಿಸಿ, ಸದಾ 100ರಲ್ಲೇ ಚಾರ್ಜ್, ಮೂರೂ ನಿಮ್ಮಲ್ಲಿವೆ. ಹಾಸಿಗೆ ಮೇಲಿಟ್ಟರೆ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ ಅಲ್ವಾ, ಬಿಸಿ ಇನ್ನೂ ಜಾಸ್ತಿ.

ಮಾವನವರು ನಂಬದಿದ್ದರೆ ಸ್ಟೀಲ್ ಸ್ಕೇಲನ್ನು ಟಚ್‌ಪ್ಯಾಡಿನ ಮೇಲೆ ಅಡ್ಡಲಾಗಿ ಮೆಲ್ಲಗೆ ಇಡಿ. ಎರಡೂ ತುದಿ ಒಟ್ಟಿಗೆ ಕೂರದೆ ತೂಗಾಡಿದರೆ, ಅಡಿಯಲ್ಲಿ ಬೆಳಕು ಕಂಡರೆ, ಮಧ್ಯ ಉಬ್ಬಿದೆ ಅಂತ. ಇಟ್ಟು ನೋಡಿ, ಒತ್ತಬೇಡಿ.

ಉಮೇಶ್, ಘಾಟ್‌ಕೋಪರ್: ಇಷ್ಟಕ್ಕೆಲ್ಲ ಹೆದರಿಸಬೇಡಿ ಮಾರಾಯ್ರೆ. ನನ್ನ ಹಳೆ ಮೊಬೈಲ್ ಬ್ಯಾಟರಿ ಊದಿದಾಗ ಸೂಜಿಯಲ್ಲಿ ಚುಚ್ಚಿ ಗಾಳಿ ಬಿಟ್ಟೆ. ಸರಿ ಹೋಯ್ತು.

ಮಂಜುನಾಥ: ಉಮೇಶ್, ಅದು ಸೈಕಲ್ ಟ್ಯೂಬ್ ಅಲ್ಲ. ಚುಚ್ಚಿದರೆ ಒಳಗಿನ ಪದರ ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ, ಬೆಂಕಿ ಹತ್ತುತ್ತದೆ. ಬರುವ ಹೊಗೆಯೂ ವಿಷ. ನೀವು ಬಚಾವಾದಿರಿ, ಅಷ್ಟೇ. ಈ ಮೆಸೇಜ್ ಡಿಲೀಟ್ ಮಾಡಿ.

ವಸಂತ, ಕಲ್ಯಾಣ್: ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಇಳಿಯುತ್ತದೆ ಅಂತ ಓದಿದ್ದೆ.

ಮಂಜುನಾಥ: ಇಳಿಯುವುದಿಲ್ಲ. ದಯವಿಟ್ಟು ಸುಮ್ಮನಿರಿ.

ಮೀರಾ, ಮಾಟುಂಗಾ: ಸ್ಕೇಲ್ ತೂಗಾಡುತ್ತಿದೆ ಸರ್. ಚಾರ್ಜರ್ ತೆಗೆದೆ. ಆದರೆ ಮಾವ ಬ್ಯಾಂಕ್ ಕೆಲಸ ಇದೆ, ಇನ್ನೊಂದು ಗಂಟೆ ಬೇಕು ಅಂತ ಕೂತಿದ್ದಾರೆ.

ಮಂಜುನಾಥ: ಒಂದು ನಿಮಿಷವೂ ಬೇಡ. ಬ್ಯಾಂಕ್ ಕೆಲಸ ನಿಮ್ಮ ಫೋನಿನಲ್ಲಿ ಮಾಡಿಸಿ. ನಾಳೆ ಅಂಗಡಿಗೆ ಟ್ಯಾಕ್ಸಿಯಲ್ಲಿ ತನ್ನಿ. ಲೋಕಲ್ ರೈಲು ಬೇಡ, ರಶ್‌ನಲ್ಲಿ ಬ್ಯಾಗ್ ನಜ್ಜುಗುಜ್ಜಾದರೆ ಕಷ್ಟ. ಬ್ಯಾಟರಿ ಬಿಚ್ಚಿದ ಮೇಲೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಚಾರ್ಜರ್ ಮೇಲೆಯೇ ಓಡುತ್ತವೆ, ಫೈಲ್ ತೆಗೆದುಕೊಳ್ಳಬಹುದು. ಹೊಸ ಬ್ಯಾಟರಿ, ಎಸ್‌ಎಸ್‌ಡಿ, ರ‍್ಯಾಮ್ ಮೂರೂ ಸೇರಿಸಿ 7 ವರ್ಷದ ಯಂತ್ರಕ್ಕೆ ಹಾಕುವುದು ಲೆಕ್ಕಕ್ಕೆ ಬರುತ್ತದಾ ಅಂತ ಆಮೇಲೆ ಕೂತು ನೋಡೋಣ. ಹಳೆ ಬ್ಯಾಟರಿ ಮನೆಯ ಕಸದ ಡಬ್ಬಕ್ಕೆ ಹಾಕಬಾರದು, ಇ-ತ್ಯಾಜ್ಯಕ್ಕೆ ಕೊಡಬೇಕು.

ಅಶೋಕ, ಚೆಂಬೂರು: ನನ್ನದು 6ನೇ ಜನರೇಷನ್, 8 ಜಿಬಿ. ವಿಂಡೋಸ್ 11 ಹೋಗುವುದಿಲ್ಲ ಅಂತಿದೆ. 16 ಮಾಡಿದರೆ ಹೋಗುತ್ತಾ?

ಮಂಜುನಾಥ: ರ‍್ಯಾಮಿಗೂ ಅದಕ್ಕೂ ಸಂಬಂಧ ಇಲ್ಲ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದರ ಮೇಲಿನದು ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಈ ಯಂತ್ರಕ್ಕೆ ಹೊಸ ರ‍್ಯಾಮ್ ಹಾಕಬೇಡಿ.

ಕಿರಣ್, ಪೊವಾಯಿ: ಅಶೋಕ ಅವರೇ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ಫ್ರೀ. 8 ಜಿಬಿ ಧಾರಾಳ ಸಾಕು. ವಿಂಡೋಸ್ ಹಿಡಿದುಕೊಂಡು ಯಾಕೆ ಅಳುತ್ತೀರಿ?

ಅಶೋಕ, ಚೆಂಬೂರು: ನನ್ನ ಲೇಖನಗಳೆಲ್ಲ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿವೆ. 15 ವರ್ಷದ ಫೈಲ್‌ಗಳು. ಲಿನಕ್ಸ್‌ನಲ್ಲಿ ನುಡಿ ಓಡುತ್ತಾ?

ಕಿರಣ್, ಪೊವಾಯಿ: ಈ ಕಾಲದಲ್ಲೂ ಎಲ್ಲ ಕಡೆ ಓದಲು, ಹುಡುಕಲು ಆಗುವ ಯೂನಿಕೋಡ್ ಬಿಟ್ಟು ನುಡಿಯ ಹಳೆ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡುವವರು ಇದ್ದಾರಲ್ಲ! ಕನ್ವರ್ಟರ್ ಇದೆ, ಬದಲಾಯಿಸಿಕೊಳ್ಳಿ.

ಅಶೋಕ, ಚೆಂಬೂರು: ಕನ್ವರ್ಟ್ ಮಾಡಿದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಅದನ್ನು ತಿದ್ದಲು ನೀವು ಬರುತ್ತೀರಾ? ನಾನು ಕನ್ನಡ ಟೈಪ್ ಮಾಡುವಾಗ ನೀವು ಹುಟ್ಟಿರಲಿಲ್ಲ.

ರಾಘವೇಂದ್ರ, ಠಾಣೆ: ಪತ್ರಿಕೆಯವರು ಇವತ್ತಿಗೂ ನುಡಿ ಫೈಲೇ ಕೇಳುತ್ತಾರೆ ಕಿರಣ್. ಸುಮ್ನೆ ಮಾತಾಡಬೇಡಿ.

ಕಿರಣ್, ಪೊವಾಯಿ: ಅದಕ್ಕೇ ನೆಟ್‌ನಲ್ಲಿ ಹುಡುಕಿದರೆ ಕನ್ನಡದಲ್ಲಿ ಏನೂ ಸಿಗುವುದಿಲ್ಲ. ನಿಮ್ಮಂಥವರಿಂದ.

ಅಶೋಕ, ಚೆಂಬೂರು: "ನಿಮ್ಮಂಥವರು" ಅಂದರೆ ಏನರ್ಥ?

ಅಡ್ಮಿನ್: ವಿಷಯಕ್ಕೆ ಬನ್ನಿ.

ದಿನೇಶ್, ವಸಾಯಿ: ಮಂಜಣ್ಣ, ನಂದೊಂದು ವಿಚಿತ್ರ. 2015ರ ಲ್ಯಾಪ್‌ಟಾಪ್, ಮೊದಲಿನಿಂದ 4 ಜಿಬಿ. ಇನ್ನೊಂದು 4 ಜಿಬಿ ತಂದು ಹಾಕಿದೆ. ಕಪ್ಪು ಪರದೆ. ಹೊಸದನ್ನು ತೆಗೆದರೆ ಸರಿ. ಅಂಗಡಿಯವನು ಬದಲಾಯಿಸಿ ಕೊಟ್ಟ, ಅದೂ ಹಾಗೇ.

ಮಂಜುನಾಥ: ಇದು ಚೆನ್ನಾಗಿದೆ. ಹಳೆಯದನ್ನು ತೆಗೆದು ಹೊಸದೊಂದನ್ನೇ ಹಳೆಯದರ ಜಾಗದಲ್ಲಿ ಹಾಕಿ ನೋಡಿ. ಆಮೇಲೆ ಹಳೆಯದನ್ನು ಎರಡನೇ ಸ್ಲಾಟಿನಲ್ಲಿ ಒಂದೇ ಹಾಕಿ ನೋಡಿ. ಪ್ರತಿ ಸಲ ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಚ್ಚಿ.

ದಿನೇಶ್, ವಸಾಯಿ: ಮೊದಲ ಸ್ಲಾಟಿನಲ್ಲಿ ಎರಡೂ ಓಡುತ್ತವೆ. ಎರಡನೆಯದರಲ್ಲಿ ಯಾವುದೂ ಇಲ್ಲ!

ಮಂಜುನಾಥ: ಹಾಗಾದರೆ ರ‍್ಯಾಮ್ ತಪ್ಪಲ್ಲ, ಸ್ಲಾಟ್ ತಪ್ಪು. ಇಷ್ಟು ವರ್ಷ ಖಾಲಿ ಇದ್ದ ಸ್ಲಾಟ್, ಮೇಲೆ ವಸಾಯಿಯ ಮಳೆಗಾಲ. ಟಾರ್ಚ್ ಹಾಕಿ ಪಿನ್ ನೋಡಿ, ಹಸಿರೋ ಬಿಳಿಯೋ ಪುಡಿ ಕಾಣುತ್ತದಾ? ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆ ಬ್ರಷ್, ಒಣಗಲು ಬಿಡಿ, ಮತ್ತೆ ಹಾಕಿ ನೋಡಿ. ಸೂಜಿಯಿಂದ ಕೆರೆಯಬೇಡಿ. ಆದರೂ ಏಳದಿದ್ದರೆ ಬೋರ್ಡ್ ರಿಪೇರಿಗೆ ದುಡ್ಡು ಸುರಿಯಬೇಡಿ. 4 ಜಿಬಿಯದನ್ನು ವಾಪಸ್ ಕೊಟ್ಟು 8 ಜಿಬಿಯ ಒಂದೇ ಕಡ್ಡಿ ತಂದು ಮೊದಲ ಸ್ಲಾಟಿಗೆ ಹಾಕಿ. ಎರಡು ಕಡ್ಡಿ ಹಾಕಿದ್ದಕ್ಕಿಂತ ವೇಗ ಸ್ವಲ್ಪ ಕಮ್ಮಿ, ಆಫೀಸ್ ಕೆಲಸದಲ್ಲಿ ಗೊತ್ತಾಗುವುದಿಲ್ಲ.

ದಿನೇಶ್, ವಸಾಯಿ: ಹಸಿರು ಇದೆ ಅಣ್ಣ! ನಾಳೆ ಆಲ್ಕೋಹಾಲ್ ತರುತ್ತೇನೆ.

ಉಮೇಶ್, ಘಾಟ್‌ಕೋಪರ್: ಸ್ಯಾನಿಟೈಸರ್ ಹಾಕಿದರೆ ಆಗಲ್ವಾ? ಅದೂ ಆಲ್ಕೋಹಾಲೇ.

ಮಂಜುನಾಥ: ಅದರಲ್ಲಿ ನೀರಿದೆ, ಜೆಲ್ ಇದೆ. ಬೇಡ.

ಶಶಿಕಲಾ, ಮುಲುಂಡ್: 4 ಜಿಬಿ ಇದೆ, 16 ಹಾಕಿಸಲಾ?

ಮಂಜುನಾಥ: ಮೇಲೆ ಓದಿ.

ಪ್ರಕಾಶ್, ನೆರೂಳ್: ಬೋರ್ಡಿಗೆ ಅಂಟಿದ 4 ಜಿಬಿ ಜೊತೆ ಸ್ಲಾಟಿನಲ್ಲಿ 16 ಹಾಕಿದರೆ ಎರಡೂ ಒಟ್ಟಿಗೆ ಓಡುತ್ತಾವಾ?

ಶಶಿಕಲಾ, ಮುಲುಂಡ್: ಇಷ್ಟುದ್ದ ಓದಲು ಪುರುಸೊತ್ತಿಲ್ಲ. ಹೌದು ಅಥವಾ ಇಲ್ಲ ಹೇಳಿ ಸಾಕು.

ಮಂಜುನಾಥ: ಟಾಸ್ಕ್ ಮ್ಯಾನೇಜರ್ ನೋಡದೆ ನಾನು ಹೌದೂ ಹೇಳುವುದಿಲ್ಲ, ಇಲ್ಲವೂ ಹೇಳುವುದಿಲ್ಲ. ಮೀರಾ ಅವರೇ, ಲ್ಯಾಪ್‌ಟಾಪ್ ಆಫ್ ಆಯ್ತಾ? ಉತ್ತರ ಕೊಡಿ.

ಅಶೋಕ, ಚೆಂಬೂರು: ಕಿರಣ್ ಇನ್ನೂ ಉತ್ತರ ಕೊಟ್ಟಿಲ್ಲ.

ಕಿರಣ್, ಪೊವಾಯಿ: ಕೊಡುವುದೇನಿದೆ? ಇದ್ದದ್ದನ್ನೇ ಹೇಳಿದೆ.

ಮೀರಾ, ಮಾಟುಂಗಾ: ಆಫ್ ಆಯ್ತು ಸರ್. ಬಾತ್‌ರೂಮ್ ಪಕ್ಕದ ಖಾಲಿ ನೆಲದಲ್ಲಿಟ್ಟಿದ್ದೇನೆ. ಮಾವ ಸಿಟ್ಟಾಗಿದ್ದಾರೆ.

ಮಂಜುನಾಥ: ಆಗಲಿ. ನೀರು ಬೀಳದ ಹಾಗೆ ನೋಡಿಕೊಳ್ಳಿ. ನಾಳೆ 11ಕ್ಕೆ ಬನ್ನಿ.

ವಸಂತ, ಕಲ್ಯಾಣ್: ಲ್ಯಾಪ್‌ಟಾಪ್ ಬ್ಯಾಟರಿ ಬಾಳಿಕೆಗೆ 10 ಮನೆಮದ್ದು. ತಪ್ಪದೆ ಓದಿ, 10 ಜನಕ್ಕೆ ಕಳಿಸಿ.

ಅಡ್ಮಿನ್: ಈಗಿನಿಂದ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು.