ಬಳಸಿದ ಆಡಿಯೋ ಇಂಟರ್‌ಫೇಸ್ ಮಾರುವ ಮುನ್ನ ಏನೇನು ಪರೀಕ್ಷಿಸಿ ತೋರಿಸಬೇಕು?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಾಡುಗಳನ್ನು ಮುದ್ರಿಸಿಕೊಳ್ಳಲೆಂದು 2021ರಲ್ಲಿ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್‌ನ ಮೂರನೇ ತಲೆಮಾರಿನ ಮಾದರಿಯನ್ನು ಕೊಂಡಿದ್ದೆ. ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪುಟ್ಟ ಪೆಟ್ಟಿಗೆ ಇದು. ನಾನೊಬ್ಬಳೇ ತಂಬೂರದ ಶ್ರುತಿಯೊಂದಿಗೆ ಹಾಡುತ್ತಿದ್ದಷ್ಟು ಕಾಲ ಅದರ ಎರಡು ಇನ್‌ಪುಟ್‌ಗಳು ಧಾರಾಳವಾಗಿದ್ದವು. ಈಗ ತಮ್ಮ ಮೃದಂಗಕ್ಕೆ ಕೂರುತ್ತಾನೆ. ಅದರ ಎರಡೂ ಮುಖಗಳಿಗೆ ಒಂದೊಂದು ಮೈಕ್ ಇಟ್ಟರೆ ನನ್ನ ಹಾಡಿಗೆ ಜಾಗ ಉಳಿಯುವುದಿಲ್ಲ. ಹೀಗಾಗಿ ಇದನ್ನು ಮಾರಿ, ನಾಲ್ಕು ಮೈಕ್ ಜೋಡಿಸಬಹುದಾದ ಇಂಟರ್‌ಫೇಸ್ ಕೊಳ್ಳಬೇಕೆಂದಿದ್ದೇನೆ. ಡಬ್ಬ, ಕೇಬಲ್, ಬಿಲ್ಲು ಎಲ್ಲವೂ ಇವೆ, ವಾರಂಟಿ ಮುಗಿದಿದೆ. ಬೆಲೆಯನ್ನು ಹೇಗೆ ನಿರ್ಧರಿಸಬೇಕು, ಕೊಳ್ಳುವವರಿಗೆ ನಂಬಿಕೆ ಬರುವಂತೆ ಏನನ್ನು ತೋರಿಸಬೇಕು, ಜೊತೆಗೆ ಬಂದಿದ್ದ ಸಾಫ್ಟ್‌ವೇರ್ ಕೂಡ ಅವರಿಗೇ ಸೇರುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಮಸ್ಕಾರ. ನನ್ನ ಪುಟ್ಟ ಸ್ಟುಡಿಯೋದ ಹೆಚ್ಚಿನ ಸಲಕರಣೆಗಳು ಬಳಸಿದವೇ ಆಗಿರುವುದರಿಂದ, ಕೊಳ್ಳುವವನ ಕಡೆಯಿಂದ ಹೇಳುತ್ತೇನೆ. ಫೋಟೋ ಎಷ್ಟೇ ಚೆನ್ನಾಗಿರಲಿ, ಇಂಟರ್‌ಫೇಸ್‌ನ ಆರೋಗ್ಯ ಅದರಲ್ಲಿ ಕಾಣುವುದಿಲ್ಲ. ಒಮ್ಮೆ ನಾನು ಹೊರಗಿನಿಂದ ಹೊಸದರಂತೆ ಹೊಳೆಯುತ್ತಿದ್ದ ಒಂದನ್ನು ತಂದು, ಮೈಕಿನ ಸಿಗ್ನಲ್ಲನ್ನು ಹಿಗ್ಗಿಸುವ ಗೇನ್ ಗುಂಡಿ ತಿರುಗಿಸಿದಾಗಲೆಲ್ಲ ಮುದ್ರಣದಲ್ಲಿ ಕರಕರ ಸದ್ದು ಬರುವುದನ್ನು ಮನೆಯಲ್ಲಿ ಕಂಡುಕೊಂಡೆ. ಆದ್ದರಿಂದ ನೀವು ಕಿವಿಗೆ ಕೇಳುವ ಪುರಾವೆಯನ್ನೇ ಕೊಡಿ.

ಮೊದಲು ಯಾವ ಮೈಕನ್ನೂ ಜೋಡಿಸದೆ, ಗೇನ್ ಅರ್ಧಕ್ಕಿಟ್ಟು, ಒಂದು ನಿಮಿಷದ ಮೌನವನ್ನು ಎರಡೂ ಚಾನೆಲ್‌ಗಳಲ್ಲಿ ಮುದ್ರಿಸಿ. ಆಮೇಲೆ ಮೈಕ್ ಹಾಕಿ, ಹಾಡುತ್ತಿರುವಾಗಲೇ ಗೇನ್ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಕಂಡೆನ್ಸರ್ ಮೈಕ್ ಕೆಲಸ ಮಾಡಲು ಇಂಟರ್‌ಫೇಸ್ ಮೈಕಿನ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್‌ನ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್, ಬೇಕಷ್ಟೆ. ಅಂಥ ಮೈಕಿನಲ್ಲಿ ಎರಡು ಚಾನೆಲ್‌ಗಳನ್ನೂ ಪ್ರತ್ಯೇಕವಾಗಿ ಹಾಡಿ ತೋರಿಸಿದರೆ ಆ ವಿದ್ಯುತ್ ಬರುತ್ತಿದೆಯೇ ಎಂಬ ಅನುಮಾನವೂ ಹೋಗುತ್ತದೆ. ಮಲ್ಟಿಮೀಟರ್ ಇದ್ದರೆ ಎಕ್ಸ್‌ಎಲ್‌ಆರ್‌ನ (ಮೈಕ್ ಜೋಡಿಸುವ ಮೂರು ಪಿನ್ನಿನ ಸಾಕೆಟ್‌ನ) 1ನೇ ಪಿನ್ನಿಗೂ 2ನೇ ಪಿನ್ನಿಗೂ ನಡುವೆ, ಹಾಗೆಯೇ 1ಕ್ಕೂ 3ಕ್ಕೂ ನಡುವೆ ಅಳೆಯಿರಿ. 44ರಿಂದ 52 ವೋಲ್ಟ್‌ವರೆಗಿನ ಅಂಕಿ ಬಂದರೆ ಸರಿಯಾಗಿದೆ ಎಂದರ್ಥ. ಹಿಂಬದಿಯ ಎರಡೂ ಔಟ್‌ಪುಟ್‌ಗಳನ್ನೂ ಹೆಡ್‌ಫೋನ್ ಜಾಕನ್ನೂ ಕೇಳಿಸಿ. ಯುಎಸ್‌ಬಿ ಪೋರ್ಟ್ ಸಡಿಲವಾಗಿದೆಯೇ ಎಂದು ನೋಡಲು, ಮುದ್ರಣ ನಡೆಯುತ್ತಿರುವಾಗ ಕೇಬಲ್ಲನ್ನು ಮೆಲ್ಲಗೆ ಅಲುಗಿಸಿ, ಸಂಪರ್ಕ ಕಡಿಯಬಾರದು. ಇಷ್ಟನ್ನೂ ಒಂದೇ ವಿಡಿಯೋದಲ್ಲಿ, ಅಡಿಭಾಗದ ಸೀರಿಯಲ್ ಸಂಖ್ಯೆ ಮೊದಲಿಗೇ ಕಾಣುವಂತೆ ಚಿತ್ರೀಕರಿಸಿ, ಆಸಕ್ತಿ ತೋರಿದವರಿಗಷ್ಟೇ ಕಳಿಸಿ.

ಉತ್ತರ 2

ಬೆಲೆಯ ವಿಚಾರ ಹೇಳುತ್ತೇನೆ. ನೀವು ಕೊಟ್ಟ ಹಣವನ್ನು ಮರೆತು, ಅದೇ ಸರಣಿಯ ಹೊಸ ಮಾದರಿಗೆ ಇಂದು ಅಂಗಡಿಯಲ್ಲಿ ಎಷ್ಟಿದೆ ಎಂಬುದರಿಂದ ಲೆಕ್ಕ ಆರಂಭಿಸಿ. ನಾಲ್ಕನೇ ತಲೆಮಾರು 2023ರಲ್ಲಿ ಬಂದಿತು. ಗೇನ್ ವ್ಯಾಪ್ತಿ 56 ಡೆಸಿಬೆಲ್‌ನಿಂದ 69ಕ್ಕೆ ಏರಿತು, ಮಟ್ಟವನ್ನು ತಾನೇ ಹೊಂದಿಸಿಕೊಡುವ ಆಟೋ ಗೇನ್ ಸೇರಿತು. ಶ್ಯೂರ್ ಎಸ್‌ಎಂ7ಬಿಯಂಥ, ಕಡಿಮೆ ಸಿಗ್ನಲ್ ಕೊಡುವ ಮೈಕ್ ಇರುವವರಿಗೆ ಈ ವ್ಯತ್ಯಾಸ ದೊಡ್ಡದು. ಕಂಡೆನ್ಸರ್ ಬಳಸುವ ಗಾಯಕರಿಗೆ ಅಷ್ಟಾಗಿ ತಿಳಿಯದು. ಮುದ್ರಣದ ಗರಿಷ್ಠ ಗುಣಮಟ್ಟ, ಅಂದರೆ 24 ಬಿಟ್, 192 ಕಿಲೋಹರ್ಟ್ಜ್, ಎರಡರಲ್ಲೂ ಒಂದೇ. ಆದ್ದರಿಂದ ಕಲಿಯುತ್ತಿರುವ ಗಾಯಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಜಾಹೀರಾತು ಬರೆಯಿರಿ. ಡಬ್ಬ, ಬಿಲ್ಲು ಇರುವಾಗ ಹೊಸದರ ಅರ್ಧ ಬೆಲೆ ಕೇಳುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಅಬ್ಲೆಟನ್ ಲೈವ್ ಲೈಟ್‌ನಂಥ, ಜೊತೆಗೆ ಬರುವ ಮುದ್ರಣದ ಸಾಫ್ಟ್‌ವೇರ್‌ಗಳನ್ನು ನೀವು ಈಗಾಗಲೇ ನಿಮ್ಮ ಖಾತೆಗೆ ಸೇರಿಸಿಕೊಂಡಿದ್ದರೆ, "ಇದರೊಂದಿಗೆ ಸಾಫ್ಟ್‌ವೇರ್ ಇಲ್ಲ" ಎಂದು ಸ್ಪಷ್ಟವಾಗಿ ಬರೆಯಿರಿ. ವಿಂಡೋಸ್‌ಗೆ ಬೇಕಾದ ಡ್ರೈವರ್ ತಯಾರಕರ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತದೆ, ಮ್ಯಾಕ್‌ಗೆ ಡ್ರೈವರ್ ಬೇಕಿಲ್ಲ. ಈ ಮಾತನ್ನೂ ಸೇರಿಸಿದರೆ ಹೊಸಬರು ಗಾಬರಿಯಾಗುವುದಿಲ್ಲ.

ಉತ್ತರ 3

ಹಣ ಪಡೆಯುವಾಗ ದಯವಿಟ್ಟು ಎಚ್ಚರದಿಂದಿರಿ. ಯುಪಿಐಯಲ್ಲಿ ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡುವುದಾಗಲಿ ಪಿನ್ ಒತ್ತುವುದಾಗಲಿ ಬೇಕಿಲ್ಲ. "ಇದನ್ನು ಸ್ಕ್ಯಾನ್ ಮಾಡಿ, ಮುಂಗಡ ಬರುತ್ತದೆ" ಎನ್ನುವವರು, ಸೈನಿಕರೆಂದು ಗುರುತಿನ ಚೀಟಿ ಕಳಿಸಿದರೂ, ಮೋಸಗಾರರೇ. ನನ್ನ ಚಿಕ್ಕಪ್ಪ ಕೀಬೋರ್ಡ್ ಮಾರಲು ಹೋಗಿ ಹೀಗೆಯೇ ಹಣ ಕಳೆದುಕೊಂಡರು. ಅಂಥದ್ದೇನಾದರೂ ನಡೆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆದಷ್ಟೂ ಮೈಸೂರಿನವರಿಗೇ, ಎದುರಿಗೆ ನುಡಿಸಿ ತೋರಿಸಿ ಮಾರಿ. ಕೊರಿಯರ್ ಅನಿವಾರ್ಯವಾದರೆ, ಮುಂಭಾಗದ ಗುಂಡಿಗಳ ಮೇಲೆ ಭಾರ ಬೀಳದಂತೆ ಅವುಗಳ ಸುತ್ತ ರಟ್ಟಿನ ಕಟ್ಟು ಇಟ್ಟು, ಆಮೇಲೆ ಡಬ್ಬಕ್ಕೆ ಹಾಕಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಮೌನದ ಮುದ್ರಣ ಮಾಡಿದಾಗ ಸಣ್ಣಗೆ ಗುಂಯ್‌ಗುಡುವ ಸದ್ದು ಕೇಳಿ ಎದೆ ಧಸಕ್ಕೆಂದಿತು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಮತ್ತೆ ಮುದ್ರಿಸಿದೆ. ಸದ್ದು ಪೂರ್ತಿ ನಿಂತುಹೋಯಿತು. ನಮ್ಮ ಹಳೆಯ ಮನೆಯ ಆ ಕೋಣೆಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲವೆಂಬುದು ಹೀಗೆ ತಿಳಿಯಿತು. ಕೊಳ್ಳುವವರ ಮನೆಯಲ್ಲೂ ಇದೇ ಆಗಿ ಅವರು ಇಂಟರ್‌ಫೇಸನ್ನು ಶಂಕಿಸಬಾರದೆಂದು, ಎರಡೂ ಮುದ್ರಣಗಳನ್ನು ಕಾರಣದೊಂದಿಗೆ ಜಾಹೀರಾತಿಗೆ ಸೇರಿಸುತ್ತಿದ್ದೇನೆ. ನಾಳೆ ಮಲ್ಟಿಮೀಟರ್ ತರುವುದಾಗಿ ತಮ್ಮ ಹೇಳಿದ್ದಾನೆ. ಆ ಅಂಕಿಗಳನ್ನೂ ಬರೆದ ಮೇಲೆಯೇ ಮಾರಾಟಕ್ಕಿಡುತ್ತೇನೆ.