ಒಣಗಿದ ಲವಂಗವನ್ನು ಬಿತ್ತಿದರೆ ಗಿಡವೇಕೆ ಹುಟ್ಟುವುದಿಲ್ಲ?

ಪ್ರಶ್ನೆ:

ಕೊತ್ತಂಬರಿ, ಸಾಸಿವೆ, ಮೆಂತ್ಯಗಳನ್ನು ಡಬ್ಬಿಯಿಂದ ತೆಗೆದು ಮಣ್ಣಿಗೆ ಹಾಕಿದರೆ ಮೊಳಕೆ ಬರುತ್ತದೆ. ಲವಂಗ ಮಾತ್ರ ಎಷ್ಟು ದಿನ ನೀರೆರೆದರೂ ಮೊಳೆಯುವುದಿಲ್ಲ. ಅದು ಹೂವಿನ ಮೊಗ್ಗು ಎಂದು ಓದಿದ್ದೇನೆ. ಹಾಗಾದರೆ ಮರವನ್ನು ಬೆಳೆಸುವುದು ಯಾವುದರಿಂದ? ಮೊಗ್ಗನ್ನು ಅರಳಲು ಬಿಡದೆ ಕೊಯ್ಯುವುದೇಕೆ? ಶತಮಾನಗಳ ಕಾಲ ಲವಂಗವು ಕೆಲವೇ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:

ಬೇಸಾಯದ ಭಾಗವನ್ನು ನಾನು ಹೇಳುತ್ತೇನೆ. ಲವಂಗದ ಮರ ನೇರಳೆಯ ಹತ್ತಿರದ ಬಂಧು. ಎರಡೂ ಸಿಜಿಜಿಯಂ ಎಂಬ ಒಂದೇ ಕುಲಕ್ಕೆ ಸೇರಿವೆ. ರೆಂಬೆಗಳ ತುದಿಯಲ್ಲಿ ಗೊಂಚಲು ಗೊಂಚಲಾಗಿ ಮೂಡುವ ಮೊಗ್ಗುಗಳು ಮೊದಲು ಹಸಿರಾಗಿದ್ದು, ಬಲಿಯುತ್ತಾ ಬಂದಂತೆ ನಸುಗೆಂಪಿಗೆ ತಿರುಗುತ್ತವೆ. ಬಣ್ಣ ತಿರುಗಿ, ಎಸಳುಗಳು ಇನ್ನೂ ಬಿಚ್ಚಿಕೊಳ್ಳದೆ ತಲೆಯ ಮೇಲೆ ಗುಂಡಗೆ ಮುಚ್ಚಿಕೊಂಡಿರುವ ಆ ಕೆಲವು ದಿನಗಳೇ ಕೊಯ್ಲಿನ ಹದ. ತಡಮಾಡಿದರೆ ಹೂವು ಅರಳಿ ಎಸಳು, ಕೇಸರಗಳು ಉದುರಿಹೋಗುತ್ತವೆ. ಉಳಿದದ್ದಕ್ಕೆ ಲವಂಗದ ರೂಪವೂ ಇರುವುದಿಲ್ಲ, ಬೆಲೆಯೂ ಇರುವುದಿಲ್ಲ. ಒಂದೇ ಗೊಂಚಲಿನ ಮೊಗ್ಗುಗಳೆಲ್ಲ ಒಟ್ಟಿಗೆ ಹದಕ್ಕೆ ಬರುವುದಿಲ್ಲವಾದ್ದರಿಂದ ಒಂದೇ ಮರವನ್ನು ಹಲವು ಬಾರಿ ಹತ್ತಬೇಕಾಗುತ್ತದೆ. ಮುಂದಿನ ಹೂವು ಬರುವುದು ರೆಂಬೆಯ ತುದಿಯಲ್ಲೇ ಆದ ಕಾರಣ, ಅವಸರದಲ್ಲಿ ರೆಂಬೆ ಮುರಿದವರು ಮುಂದಿನ ಫಸಲನ್ನೂ ಕಳೆದುಕೊಳ್ಳುತ್ತಾರೆ.

ಕೊಯ್ದ ಮೊಗ್ಗನ್ನು ತೊಟ್ಟಿನಿಂದ ಬಿಡಿಸಿ, ತೆಳುವಾಗಿ ಹರಡಿ, ನಾಲ್ಕೈದು ದಿನ ಒಳ್ಳೆಯ ಬಿಸಿಲಿನಲ್ಲಿ ಒಣಗಿಸುತ್ತಾರೆ. ಹಸಿ ಮೊಗ್ಗನ್ನು ರಾಶಿ ಹಾಕಿದರೆ ಒಳಗೆ ಕಾವು ಹುಟ್ಟಿ ಹುಳಿತು, ಸುಕ್ಕುಗಟ್ಟಿದ, ಬಿಳಚಿಕೊಂಡ ಲವಂಗ ಸಿಗುತ್ತದೆ. ಸರಿಯಾಗಿ ಒಣಗಿದ್ದು ಕಡುಗಂದು ಬಣ್ಣಕ್ಕೆ ಬಂದು, ಬಗ್ಗಿಸಿದರೆ ಚಟ್ಟನೆ ಮುರಿಯುತ್ತದೆ. ಮೂರು ಕಿಲೋ ಹಸಿ ಮೊಗ್ಗಿನಿಂದ ಹೆಚ್ಚುಕಡಿಮೆ ಒಂದು ಕಿಲೋ ಲವಂಗ ದೊರೆಯುತ್ತದೆ.

ಗಿಡ ಹುಟ್ಟುವುದು ಬೀಜದಿಂದಲೇ. ಕೆಲವು ಮೊಗ್ಗುಗಳನ್ನು ಕೊಯ್ಯದೆ ಬಿಟ್ಟರೆ ಅವು ಅರಳಿ, ಸಾಮಾನ್ಯವಾಗಿ ಒಂದೇ ಬೀಜವಿರುವ ಕೆನ್ನೇರಳೆ ಹಣ್ಣುಗಳಾಗುತ್ತವೆ. ಆ ಬೀಜ ಒಣಗಿದರೆ ಸತ್ತಂತೆಯೇ. ಹಣ್ಣಿನ ಸಿಪ್ಪೆ ತೆಗೆದ ಕೂಡಲೇ ಬಿತ್ತಬೇಕು, ಸಸಿಗೆ ನೆರಳು ಕೊಡಬೇಕು. ಮರ ಹೂವು ಬಿಡಲು ಏಳೆಂಟು ವರ್ಷ ಬೇಕು. ತುಂಬು ಇಳುವರಿಗೆ ಹದಿನೈದು ವರ್ಷಗಳಾದರೂ ಹಿಡಿಯುತ್ತದೆ.

ಉತ್ತರ 2:

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಮೇಲಿನ ವಿವರಣೆಯಲ್ಲಿಯೇ ಅಡಗಿದೆ. ವ್ಯಾಪಾರಿಗಳು ಕೊಂಡೊಯ್ಯುತ್ತಿದ್ದ ಸರಕಿನಲ್ಲಿ ಬೀಜವೇ ಇರಲಿಲ್ಲ. ಲವಂಗದ ತವರು ಇಂದಿನ ಇಂಡೋನೇಷ್ಯಾದ ಉತ್ತರ ಮಲುಕು ಪ್ರದೇಶದ ತರ್ನಾತೆ, ತಿದೋರೆ, ಮೋತಿ, ಮಾಕಿಯಾನ್, ಬಾಚಾನ್ ಎಂಬ ದ್ವೀಪಗಳು. ಚೀನಾದ ಹಾನ್ ಅರಸರ ಕಾಲದಲ್ಲಿಯೇ ಆಸ್ಥಾನಿಕರು ಚಕ್ರವರ್ತಿಯೊಡನೆ ಮಾತನಾಡುವಾಗ ಬಾಯಿಯಲ್ಲಿ ಲವಂಗವಿಟ್ಟುಕೊಳ್ಳುತ್ತಿದ್ದರು. ಆದರೂ ಅದನ್ನು ಕೊಂಡ ದೂರದ ನಾಡುಗಳಿಗೆ ಮರವನ್ನು ಬೆಳೆಸುವ ದಾರಿ ಇರಲಿಲ್ಲ.

ಪೋರ್ಚುಗೀಸರು 1512ರಲ್ಲಿ ಮಲುಕು ತಲುಪಿದರು. 1519ರಲ್ಲಿ ಮೆಗೆಲನ್ ಜೊತೆ ಹೊರಟ ಐದು ಹಡಗುಗಳಲ್ಲಿ ಭೂಮಿಯನ್ನು ಸುತ್ತಿ 1522ರಲ್ಲಿ ಸ್ಪೇನಿಗೆ ಮರಳಿದ್ದು ವಿಕ್ಟೋರಿಯಾ ಒಂದೇ. ಅದರ ಒಡಲಲ್ಲಿ ತುಂಬಿದ್ದುದು ತಿದೋರೆಯ ಲವಂಗ. ಅನಂತರ ಬಂದ ಡಚ್ ಈಸ್ಟ್ ಇಂಡಿಯಾ ಕಂಪನಿಯ ನಡೆ ಅತ್ಯಂತ ಕ್ರೂರವಾದದ್ದು. 1605ರಲ್ಲಿ ಅಂಬೋನನ್ನು ವಶಪಡಿಸಿಕೊಂಡ ಡಚ್ಚರು, ಬೆಳೆಯನ್ನು ಆ ದ್ವೀಪ ಮತ್ತು ಅದರ ಆಸುಪಾಸಿಗೆ ಮಾತ್ರ ಸೀಮಿತಗೊಳಿಸಿ, ಉಳಿದೆಡೆ ತಲೆಮಾರುಗಳಿಂದ ಜನ ಸಾಕಿ ಬೆಳೆಸಿದ್ದ ಮರಗಳನ್ನು ಕಡಿಸಿಹಾಕಿದರು. ಬೆಲೆ ಕುಸಿಯಬಾರದೆಂಬ ಒಂದೇ ಕಾರಣಕ್ಕೆ ಲವಂಗದ ತವರಿನಲ್ಲಿಯೇ ಲವಂಗದ ಮರ ಅಪರಾಧವಾಯಿತು.

ಈ ಹಿಡಿತ ಸಡಿಲಿದ್ದು ಬೀಜ ಮತ್ತು ಸಸಿಗಳು ಹೊರಗೆ ಹೋದಾಗಲೇ. ಮಾರಿಷಸ್‌ನಲ್ಲಿ ಫ್ರೆಂಚ್ ಆಡಳಿತಗಾರನಾಗಿದ್ದ ಪಿಯರ್ ಪ್ವಾವ್ರ್ ಕಳುಹಿಸಿದ ಹಡಗುಗಳು 1770ರಲ್ಲಿ ಅವುಗಳನ್ನು ಗುಟ್ಟಾಗಿ ಅಲ್ಲಿಗೆ ತಂದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೆಳೆ ಜಾಂಜಿಬಾರ್ ಮುಟ್ಟಿತು. ಒಮಾನಿನ ಸುಲ್ತಾನ ಸಯ್ಯಿದ್ ಸಯೀದ್ ಅದನ್ನು ಅಲ್ಲಿ ಬಹಳವಾಗಿ ವಿಸ್ತರಿಸಿದ. ಆದರೆ ಆ ತೋಟಗಳಲ್ಲಿ ದುಡಿದವರು ಆಫ್ರಿಕಾದ ಒಳನಾಡಿನಿಂದ ಹಿಡಿದು ತಂದ ಗುಲಾಮರು. ಲವಂಗದ ಇತಿಹಾಸ ಹೇಳುವಾಗ ಅವರನ್ನು ಮರೆಯಬಾರದು. 1872ರ ಚಂಡಮಾರುತ ಜಾಂಜಿಬಾರಿನ ಮರಗಳನ್ನು ನೆಲಕ್ಕೊರಗಿಸಿದ ಮೇಲೆ ನೆರೆಯ ಪೆಂಬಾ ದ್ವೀಪ ಮುಂದೆ ಬಂದಿತು. ಇಂದು ಅತಿ ಹೆಚ್ಚು ಬೆಳೆಯುವ ದೇಶ ಮತ್ತೆ ಇಂಡೋನೇಷ್ಯಾವೇ. ಅಲ್ಲಿನ ಲವಂಗದ ಬಹುಪಾಲು ಹೋಗುವುದು ಅಡುಗೆಗಲ್ಲ, ಕ್ರೆಟೆಕ್ ಎಂಬ ಲವಂಗ ಬೆರೆಸಿದ ಸಿಗರೇಟಿಗೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ: ಎಣ್ಣೆ ತೆಗೆದ ಲವಂಗವನ್ನೂ ಮಾರುತ್ತಾರೆಂದು ಕೇಳಿದ್ದೇನೆ. ಅದನ್ನು ಗುರುತಿಸುವುದು ಹೇಗೆ? ಹಲ್ಲುನೋವಿಗೆ ಲವಂಗದ ಎಣ್ಣೆ ಹಚ್ಚುವುದು ಸರಿಯೇ?

ಉತ್ತರ 3:

ಲವಂಗದ ದಂಟಿನಂತಹ ಭಾಗವನ್ನು ಉಗುರಿನಿಂದ ಒತ್ತಿ ನೋಡಿ. ಎಣ್ಣೆಯ ಸಣ್ಣ ಚೀಲಗಳು ಸಿಪ್ಪೆಯ ಕೆಳಗೇ ಇರುವುದರಿಂದ ಒಳ್ಳೆಯ ಲವಂಗದಲ್ಲಿ ಒತ್ತಿದ ಜಾಗ ಜಿಡ್ಡಾಗಿ ಮಿನುಗುತ್ತದೆ. ನೀರಿನಲ್ಲಿ ಹಾಕಿಯೂ ಪರೀಕ್ಷಿಸಬಹುದು. ಲವಂಗದ ಎಣ್ಣೆ ನೀರಿಗಿಂತ ಭಾರವಾದದ್ದು. ಎಣ್ಣೆ ತುಂಬಿದ ಲವಂಗ ಮುಳುಗುತ್ತದೆ ಅಥವಾ ತಲೆ ಮೇಲಾಗಿ ನೆಟ್ಟಗೆ ನಿಲ್ಲುತ್ತದೆ, ಎಣ್ಣೆ ತೆಗೆದದ್ದು ಅಡ್ಡಲಾಗಿ ತೇಲುತ್ತದೆ. ಪುಡಿಯಲ್ಲಿ ಈ ಪರೀಕ್ಷೆಗಳು ನಡೆಯುವುದಿಲ್ಲ. ಪುಡಿಯ ಪರಿಮಳವೂ ಬೇಗ ಹಾರಿಹೋಗುತ್ತದೆ. ಇಡೀ ಲವಂಗವನ್ನೇ ಕೊಂಡು ಬೇಕಾದಾಗ ಕುಟ್ಟಿಕೊಳ್ಳುವುದು ಮೇಲು.

ಆ ಎಣ್ಣೆಯ ಮುಖ್ಯಾಂಶ ಯೂಜೆನಾಲ್. ಅದು ನೋವಿನ ಅರಿವನ್ನು ಮಂದಗೊಳಿಸುತ್ತದೆ, ಸೂಕ್ಷ್ಮಾಣುಗಳನ್ನೂ ತಡೆಯುತ್ತದೆ. ದಂತವೈದ್ಯರು ಇದನ್ನು ಸತುವಿನ ಆಕ್ಸೈಡ್ ಜೊತೆ ಕಲಸಿ ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ಆದರೆ ಬೆರಕೆಯಿಲ್ಲದ ಎಣ್ಣೆ ತಾಗಿದರೆ ವಸಡು ಸುಟ್ಟಂತಾಗುತ್ತದೆ. ಚಿಕ್ಕ ಮಕ್ಕಳು ಸ್ವಲ್ಪ ನುಂಗಿದರೂ ಯಕೃತ್ತಿಗೆ ತೀವ್ರ ಹಾನಿಯಾಗಬಹುದು. ಸೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹಲ್ಲುನೋವಿಗೆ ಒಂದು ಲವಂಗವನ್ನು ಮೆಲ್ಲಗೆ ಕಚ್ಚಿಟ್ಟುಕೊಂಡರೆ ಸ್ವಲ್ಪ ಹೊತ್ತು ಉಪಶಮನ ಸಿಗುತ್ತದೆ; ಹುಳುಕು ಹಾಗೆಯೇ ಇರುತ್ತದಾದ್ದರಿಂದ ಆ ಬಿಡುವಿನಲ್ಲಿ ವೈದ್ಯರನ್ನು ಕಾಣಬೇಕು.