ಊರಲ್ಲಿ ಯಾರಿಗೆ ಎಷ್ಟು ಸಬ್ಸಿಡಿ ಬಂತು, ನೋಡೋದು ಹೇಗೆ?

ಪ್ರಶ್ನೆ (ಪಿಂಪ್ರಿ): ಜಮೀನು ಪುಣೆ ಜಿಲ್ಲೆಯ ಇಂದಾಪುರ ತಾಲೂಕಲ್ಲಿದೆ. ಊರಿನ ಪಿಎಂ ಕಿಸಾನ್, ಡ್ರಿಪ್ (ಹನಿ ನೀರಾವರಿ) ಸಬ್ಸಿಡಿ ಪಟ್ಟಿ ಎಲ್ಲಿ ಸಿಗುತ್ತೆ?

ಉತ್ತರ (ಹಡಪ್ಸರ್): ಪಿಎಂ ಕಿಸಾನ್ ಪೋರ್ಟಲ್‌ನಲ್ಲಿ ‘ಬೆನಿಫಿಷಿಯರಿ ಲಿಸ್ಟ್’ ಒತ್ತಿ, ಜಿಲ್ಲೆ, ತಾಲೂಕು, ಊರು ಆರಿಸಿ. ಅದರಲ್ಲಿ ಗಟ್ ನಂಬರ್ (ಜಮೀನಿನ ಸರ್ವೆ ನಂಬರ್) ಇರಲ್ಲ ಸರ್, ಒಂದೇ ಹೆಸರಿನ ಇಬ್ಬರಿದ್ರೆ ಗುರುತು ಸಿಗಲ್ಲ.

ಉತ್ತರ (ಕೋಥ್ರೂಡ್): ಡ್ರಿಪ್‌ ಪಟ್ಟಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 2005ರ ಕಾಯ್ದೆಯ 4(1)(ಬಿ) ಪ್ರಕಾರ ಸಬ್ಸಿಡಿ ಮೊತ್ತ, ಫಲಾನುಭವಿಗಳ ವಿವರ ಯಾರೂ ಕೇಳದೇನೇ ಪ್ರಕಟಿಸಬೇಕು. ಅದು ನಮ್ಮ ಹಕ್ಕು, ಬಿಡಬೇಡಿ. ತಾಲೂಕು ಕೃಷಿ ಅಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆದು, 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಹಚ್ಚಿ. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಕೊಟ್ರಿ’ ಅನ್ನಬೇಡಿ. ವರ್ಷ, ಊರು ನಮೂದಿಸಿ ಪಟ್ಟಿಯ ಪ್ರತಿ ಕೇಳಿ.

ಉತ್ತರ (ಹಡಪ್ಸರ್): ಆಧಾರ್, ಬ್ಯಾಂಕ್ ಖಾತೆ ನಂಬರ್ ಕೇಳಿದ್ರೆ ತಿರಸ್ಕಾರಕ್ಕೆ ನೀವೇ ದಾರಿ ಮಾಡಿಕೊಟ್ಟಂಗೆ. 30 ದಿನದಲ್ಲಿ ಉತ್ತರ ಬರದಿದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.